ಉಸಿರು ಕಟ್ಟಿದ ಆಕ್ಸೆಲ್

ಹೊನ್ನಾವರದಲ್ಲಿ ಸುಧಾಕರ ಮೇಸ್ತ್ರಿಯ ಗ್ಯಾರೇಜಿಗೆ ಹೋದವರು ಗಾಡಿ ಕೆಟ್ಟಿದೆ ಎಂದಷ್ಟೇ ಹೇಳಬೇಕಿತ್ತು. ಏನು ಕೆಟ್ಟಿದೆ ಎಂದು ಹೇಳಲು ಹೋದರೆ ಮುಗಿಯಿತು. ಕೈಯಲ್ಲಿದ್ದ ಪಾನಾವನ್ನು ಅವರ ಮೂಗಿನ ಮುಂದೆ ಚಾಚಿ, ತಗೊಳ್ಳಿ, ಗೊತ್ತಿದ್ದವರೇ ಮಾಡಿ ಎಂದುಬಿಡುತ್ತಿದ್ದ. ಬಂದವರಲ್ಲಿ ಅರ್ಧ ಜನ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಹೋದವರ ಬೆನ್ನನ್ನು ನೋಡುತ್ತ ಮೇಸ್ತ್ರಿ ತೃಪ್ತಿಯಿಂದ ಮೂಗು ಮುರಿಯುತ್ತಿದ್ದ.

ಅವನಿಗೆ ತಾತ್ಸಾರವಿಲ್ಲದ ವಸ್ತು ಈ ಕರಾವಳಿಯಲ್ಲಿ ಇರಲಿಲ್ಲ. ಈಗಿನ ಕಾರುಗಳೆಂದರೆ ಅವನಿಗೆ ಗಾಲಿಯಿರುವ ಬಕೆಟ್ಟು. ಕಂಪ್ಯೂಟರ್ ಸಿಕ್ಕಿಸಿ ಗಾಡಿಯ ರೋಗ ಹುಡುಕುವ ಮೆಕ್ಯಾನಿಕ್ಕುಗಳು ಅವನ ಲೆಕ್ಕದಲ್ಲಿ ಟೈಪಿಸ್ಟುಗಳು. ಭಾನುವಾರ ಬಂತೆಂದರೆ ಜೀಪಿಗೆ ಆಳೆತ್ತರದ ಟೈರು, ಅದರ ಹಣೆಯ ಮೇಲೆ ಸಾಲು ದೀಪ ಹಾಕಿಕೊಂಡು ಗುಡ್ಡ ಹತ್ತಲು ಹೊರಡುವ ಹುಡುಗರನ್ನು ಕಂಡರಂತೂ, ಸಾಲ ಮಾಡಿ ಕೆಸರು ಮೆತ್ತಿಕೊಳ್ಳುವವರು ಎಂದು ಅವರಿಗೆ ಕೇಳುವಂತೆಯೇ ಹೇಳುತ್ತಿದ್ದ. ಚತುಷ್ಪಥ ಬಂದು ಗ್ಯಾರೇಜಿನ ಅಂಗಳ ನುಂಗಿದಾಗ ಊರೆಲ್ಲ ಅತ್ತರೆ ಇವನು ಮಾತ್ರ, ನೆಟ್ಟಗಿನ ರಸ್ತೆ ಬೇಕಾದ್ದು ಓಡಿಸಲು ಬರದವರಿಗೆ ಎಂದು ಹೀಗಳೆದ. ಹೆಂಡತಿ ಮೂಕಾಂಬಿಕಾ ಇದಕ್ಕೆಲ್ಲ ಒಗ್ಗಿ ಹೋಗಿದ್ದಳು. ಸಾರು ರುಚಿಯಾದ ದಿನ ಗಂಡ ಹೊಗಳುವುದು ಸೌತೆಕಾಯಿಯನ್ನು, ಕೆಟ್ಟ ದಿನ ಬೈಯುವುದು ತನ್ನನ್ನು ಎಂದು ನೆರೆಯವರ ಹತ್ತಿರ ನಗುತ್ತ ಹೇಳಿಕೊಳ್ಳುತ್ತಿದ್ದಳು.

ಆದರೆ ಹಳೆಯ ಜೀಪೆಂದರೆ ಸುಧಾಕರನೇ. ಹದಿಹರೆಯದಲ್ಲಿ ಕುಮಟೆಯ ಒಂದು ಗ್ಯಾರೇಜಿನಲ್ಲಿ ಏಟು ತಿಂದು ಕೆಲಸ ಕಲಿತವನು. ಆಗ ಕಾಡಿನ ಮರ ಕಡಿದು ಸಾಗಿಸುವ ನಾಟಾ ಕಂಟ್ರಾಕ್ಟರುಗಳ ಜೀಪುಗಳು ಘಟ್ಟದ ಮೇಲಿನ ಕಾಡುದಾರಿಯಲ್ಲಿ ಬೆನ್ನು ಮುರಿದುಕೊಂಡು ಇಳಿದು ಬರುತ್ತಿದ್ದವು. ಅವನ್ನು ಬಿಚ್ಚಿ ಜೋಡಿಸಿಯೇ ಇವನ ಪ್ರಾಯ ಕಳೆಯಿತು. ನಾಟಾ ನಿಂತಿತು, ಜೀಪು ಕಡಿಮೆಯಾದವು, ಕಲಿತ ವಿದ್ಯೆಯೂ ಅದರ ಗರ್ವವೂ ಹಾಗೇ ಉಳಿದವು. ಕೈಕೆಳಗೆ ಕೆಲಸ ಕಲಿತ ಮಂಜ ಎಂಬವನು ಮಾತ್ರ ಉಳಿಯಲಿಲ್ಲ. ಗಿರಾಕಿಗಳ ಎದುರು ಒಂದು ದಿನ ಮೇಸ್ತ್ರಿ, ಇವನ ತಲೆಗಿಂತ ನನ್ನ ಜಾಕಿಗೆ ಬುದ್ಧಿ ಜಾಸ್ತಿ ಎಂದ. ಎಲ್ಲರೂ ನಕ್ಕರು. ಮಂಜ ಕೈ ಒರೆಸಿದ ಬಟ್ಟೆಯನ್ನು ಮೊಳೆಗೆ ತೂಗುಹಾಕಿ ಹೊರಗೆ ನಡೆದವನು ಮತ್ತೆ ಬರಲಿಲ್ಲ. ಈಗ ಅವನದೇ ಗ್ಯಾರೇಜು ಭಟ್ಕಳದಲ್ಲಿದೆ. ದೊಡ್ಡ ಬೋರ್ಡು, ಹೊಳೆಯುವ ನೆಲ, ಕೂರಲು ಕುರ್ಚಿ. ಅವನ ಸುದ್ದಿ ಬಂದಾಗಲೆಲ್ಲ ಸುಧಾಕರ ಹೇಳುವುದು ಒಂದೇ ಮಾತು: ಅವನು ಮೆಕ್ಯಾನಿಕ್ ಅಲ್ಲ, ಅಂಗಡಿ ಇಟ್ಟವನು.

ಕಳೆದ ಮಳೆಗಾಲದಲ್ಲಿ, ದೋಣಿಗಳು ಇನ್ನೂ ದಡದಲ್ಲೇ ತಾಡಪತ್ರಿ ಹೊದ್ದು ಮಲಗಿದ್ದಾಗ, ಧಾರೇಶ್ವರದ ಮೀನುಗಾರ ಶನಿಯಾರ ತನ್ನ ಜೀಪು ತಂದ. ಹರಾಜಿನಲ್ಲಿ ಅವನ ಅಪ್ಪ ಹಿಡಿದ ಜೀಪದು. ಬಾಗಿಲಿಲ್ಲ, ಹುಡ್ ಇಲ್ಲ, ಬಣ್ಣ ಯಾವುದಿತ್ತೆಂದು ಹೇಳುವವರೂ ಇಲ್ಲ. ಅದರ ಕೆಲಸ ಒಂದೇ. ಹಿಮ್ಮುಖವಾಗಿ ಸಮುದ್ರಕ್ಕಿಳಿದು, ಟ್ರಾಲಿಯ ಮೇಲೆ ದೋಣಿ ಏರಿಸಿಕೊಂಡು ದಡಕ್ಕೆ ಎಳೆಯುವುದು. ಕೇರಿಯ ದೋಣಿಗಳೆಲ್ಲ ಅದನ್ನೇ ನಂಬಿದ್ದವು. ಈಗ ಹಿಂದಿನ ಒಂದು ಗಾಲಿ ಹೊರಗೆ ವಾಲಿಕೊಂಡಿತ್ತು. ಓಡಿಸಿದರೆ ಹಲ್ಲು ಕಡಿಯುವಂಥ ಸದ್ದು.

ಶನಿಯಾರ ಮೆತ್ತಗಿನ ಆಸಾಮಿ. ಎಲ್ಲರೂ ಗುಜರಿಗೆ ಹಾಕು ಎನ್ನುತ್ತಾರೆ, ನೀವೊಂದು ಸಲ ನೋಡಬೇಕು ಎಂದು ಕೈಕಟ್ಟಿ ನಿಂತ. ಮೇಸ್ತ್ರಿ ಜೀಪಿಗೆ ಒಂದು ಸುತ್ತು ಬಂದ. ಅಡಿಗೆ ಹೋಗಿ ಹಿಂದಿನ ಗಾಲಿಗಳನ್ನು ಜೋಡಿಸುವ ಆಕ್ಸೆಲಿನ ತಿರುಪು ಸಡಿಲಿಸಿದ. ಒಳಗಿನಿಂದ ಇಳಿದದ್ದು ಕಪ್ಪು ಎಣ್ಣೆಯಲ್ಲ, ನೀರು ಬೆರೆತ ಬೂದುಬಣ್ಣದ ಗಂಜಿ.

"ಎಣ್ಣೆ ಎಲ್ಲಿ ಅದೆ ಇದ್ರಲ್ಲಿ? ಹಾಲು ಹಾಕಿ ಚಾ ಮಾಡಿಟ್ಟಿದ್ದಿ ಮಾರಾಯ" ಎಂದ ಸುಧಾಕರ. "ಸಮುದ್ರಕ್ಕೆ ಇಳಿಸ್ಲಿಕ್ಕೆ ಇದೆಂತ ಎಮ್ಮೆಯಾ?"

ಶನಿಯಾರ ತಲೆ ತಗ್ಗಿಸಿದ. ಭಟ್ಕಳದ ಮಂಜನ ಹತ್ತಿರ ಇಡೀ ಆಕ್ಸೆಲೇ ಸಿಗುತ್ತದಂತೆ, ಅದನ್ನು ತಂದು ಕೂರಿಸಿದರೆ ಹೇಗೆ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಕೇಳಬಾರದಿತ್ತು. ಮೇಸ್ತ್ರಿಯ ಮುಖ ಉಪ್ಪಿನಕಾಯಿ ಕಚ್ಚಿದಂತಾಯಿತು. ಇಡೀ ಆಕ್ಸೆಲ್ ಬದಲಾಯಿಸಲು ಮೇಸ್ತ್ರಿ ಯಾಕೆ ಬೇಕು, ಹಮಾಲಿ ಸಾಕು ಎಂದ. ಇದನ್ನೇ, ಈ ತುಕ್ಕು ಹಿಡಿದದ್ದನ್ನೇ, ಹೊಸದನ್ನು ನಾಚಿಸುವಂತೆ ಮಾಡಿ ಕೊಡುತ್ತೇನೆ, ದೋಣಿ ಇಳಿಯುವುದರೊಳಗೆ ಬಾ ಎಂದು ಕಳಿಸಿದ.

ಆ ಕೆಲಸವನ್ನು ಅವನು ಮಾಡಿದ ರೀತಿ ಮಾತ್ರ ನೋಡುವಂಥದ್ದಾಗಿತ್ತು. ಆಕ್ಸೆಲನ್ನು ಇಡಿಯಾಗಿ ಕೆಳಗಿಳಿಸಿ, ಒಳಗಿನ ದಂಡಗಳನ್ನು ಹೊರಗೆಳೆದ. ಬೇರಿಂಗುಗಳು ಉಪ್ಪು ಕುಡಿದು ಕಲ್ಲಾಗಿದ್ದವು. ಕಾದ ಕಬ್ಬಿಣಕ್ಕೆ ಸುತ್ತಿಗೆ ಕೊಟ್ಟು ಬಿಡಿಸಿದ. ಇಂಜಿನ್ನಿನ ಶಕ್ತಿಯನ್ನು ಗಾಲಿಗೆ ತಿರುಗಿಸುವ ಹಲ್ಲುಚಕ್ರಗಳ ಜೋಡಿಗೆ ಅಲ್ಲಲ್ಲಿ ಗುಳಿ ಬಿದ್ದಿತ್ತು. ಕುಮಟೆಯ ಗುಜರಿಯಲ್ಲಿ ಅಡ್ಡಾಡಿ ಒಳ್ಳೆಯ ಜೋಡಿ ಹುಡುಕಿ ತಂದ. ಹಲ್ಲಿಗೆ ನೀಲಿ ಬಣ್ಣ ಸವರಿ, ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆಂದು ನೋಡಿ, ಕಾಗದದಷ್ಟು ತೆಳುವಾದ ತಗಡಿನ ಬಳೆ ಸೇರಿಸಿ, ಮತ್ತೆ ತಿರುಗಿಸಿ, ಮತ್ತೆ ಬಿಚ್ಚಿ ಕೂತ. ಹಲ್ಲಿನ ನಟ್ಟನಡುವೆ ಗುರುತು ಬೀಳುವವರೆಗೆ ಬಿಡಲಿಲ್ಲ. ಹೊರಗಿನ ಕವಚವನ್ನು ತೊಳೆಯುವಾಗ ಮೇಲಿದ್ದ ತೂತಿನೊಳಗೆ ಕೊಳಕು ಹೋಗಬಾರದೆಂದು ಒಂದು ಬೋಲ್ಟು ತಿರುಗಿಸಿ ಮುಚ್ಚಿದ. ನೀರು ಬಿಟ್ಟು, ತಂತಿಬ್ರಷ್ಷಿನಿಂದ ಉಜ್ಜಿ, ಕೆಂಪು ಬಳಿದು, ಅದರ ಮೇಲೆ ಕರಿ ಬಣ್ಣ ಎರಡೆರಡು ಸಲ ಹೊಡೆದ. ಒಣಗಿದ ಮೇಲೆ ಅದು ಕಾರ್ಖಾನೆಯಿಂದ ಬಂದದ್ದಕ್ಕಿಂತ ಚೆಂದ ಕಂಡಿತು. ನೋಡಲು ಬಂದವರು ಹೊಗಳಿದರು. ಹೊಗಳುವುದಕ್ಕೂ ಯೋಗ್ಯತೆ ಬೇಕು ಎಂಬಂತೆ ಮೇಸ್ತ್ರಿ ಅವರತ್ತ ತಿರುಗಲೇ ಇಲ್ಲ.

ದೋಣಿ ಇಳಿಯುವ ಹೊತ್ತಿಗೆ ಜೀಪು ಧಾರೇಶ್ವರಕ್ಕೆ ಹೋಯಿತು. ಕೆಲವು ವಾರಕ್ಕೆ ವಾಪಸು ಬಂತು. ಹಿಂದಿನ ಗಾಲಿಯ ಒಳಗಿನಿಂದ ಎಣ್ಣೆ ಸೋರಿ ಬ್ರೇಕಿಗೆ ಹತ್ತಿತ್ತು. ಒಳಗಿನ ಎಣ್ಣೆ ಮತ್ತೆ ಬೂದು ತಿರುಗಿತ್ತು.

ಸುಧಾಕರನಿಗೆ ಕಾರಣ ಹುಡುಕಬೇಕಾಗಲಿಲ್ಲ, ಎದುರಿಗೇ ನಿಂತಿತ್ತು. ಅಳತೆಯಿಲ್ಲದ ಭಾರ ಎಳೆಯುವವರು, ಗಾಡಿಯನ್ನು ಬಲೆಯಂತೆ ನೀರಿಗೆ ಎಸೆಯುವವರು, ಇಂಥವರಿಗೆ ಒಳ್ಳೆಯ ಕೆಲಸ ಮಾಡಿಕೊಟ್ಟದ್ದೇ ತಪ್ಪು ಎಂದು ಶನಿಯಾರನಿಗೆ ಬೀದಿಗೆ ಕೇಳುವಂತೆ ಬೈದ. ಎಣ್ಣೆ ತಡೆಯುವ ರಬ್ಬರ್ ಸೀಲು ಮಾಡಿದವರನ್ನು ಬೈದ, ಮಾರಿದವರನ್ನೂ ಬೈದ. ಬೇರೆ ಸೀಲು ಹಾಕಿ, ಎಣ್ಣೆ ಬದಲಾಯಿಸಿ, ಬ್ರೇಕು ಒರೆಸಿ ಕಳಿಸಿದ. ಆಕ್ಸೆಲಿನ ಮೇಲ್ಭಾಗದತ್ತ ಕಣ್ಣು ಹಾಯಿಸಲಿಲ್ಲ. ತನ್ನ ಕೈಯಿಂದ ಆದದ್ದನ್ನು ಮತ್ತೆ ನೋಡುವುದೆಂದರೆ ಅನುಮಾನಪಟ್ಟಂತೆ, ಅವನಿಗೆ ತನ್ನ ಮೇಲೆ ಅನುಮಾನಪಟ್ಟು ಅಭ್ಯಾಸವಿರಲಿಲ್ಲ.

ಮುಂದಿನದು ದಂಡೆಯಿಂದ ರಸ್ತೆಗೆ ಹತ್ತುವ ಕಲ್ಲುಹಾಸಿನ ಏರಿನಲ್ಲಿ ನಡೆಯಿತು. ಬಿರುಗಾಳಿಯ ಸೂಚನೆ ಬಂದು ದೋಣಿಗಳನ್ನು ಮೇಲೆ ಸಾಗಿಸುತ್ತಿದ್ದರು. ಶನಿಯಾರನ ಹೆಂಡತಿ ನಾಗಿ, ಹೊನ್ನಾವರ ಪೇಟೆಯಲ್ಲಿ ಮೀನು ಮಾರುವವಳು, ಟ್ರಾಲಿಯ ಗಾಲಿಗೆ ಮರದ ತುಂಡು ಒತ್ತು ಕೊಡುತ್ತ ಹಿಂದೆ ನಡೆಯುತ್ತಿದ್ದಳು. ಅರ್ಧ ಏರಿನಲ್ಲಿ ಇಂಜಿನ್ ನಿಂತಿತು. ಶನಿಯಾರ ಬ್ರೇಕು ಒತ್ತಿದ. ಎಣ್ಣೆ ಕುಡಿದ ಬ್ರೇಕು ಹಿಡಿಯಲಿಲ್ಲ. ಜೀಪೂ ದೋಣಿಯೂ ಹಿಂದಕ್ಕೆ ಜಾರಿದವು. ನಾಗಿ ತುಂಡನ್ನು ಬಿಡದೆ ಗಾಲಿಗೆ ಒತ್ತಿದಳು. ದೋಣಿ ನಿಂತಿತು, ಅವಳ ಮಣಿಕಟ್ಟು ಮುರಿಯಿತು.

ಕೆಲವು ದಿನ ಕಳೆದು, ಮೀನಿನ ಲಾರಿಯೊಂದು ಹಗ್ಗ ಕಟ್ಟಿ ಎಳೆದು ತಂದ ಜೀಪು ಗ್ಯಾರೇಜಿನ ಮುಂದೆ ನಿಂತಿತು. ಅದರಿಂದ ಇಳಿದವಳು ನಾಗಿ, ಕೈಗೆ ಪ್ಲಾಸ್ಟರು. ಶನಿಯಾರ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಅವಳು ಸೀದಾ ಒಳಗೆ ಬಂದು ಮೇಸ್ತ್ರಿ ಕೂರುವ ಬೆಂಚಿನ ಮೇಲೆ ಕೂತಳು. ಆ ಬೆಂಚಿನ ಮೇಲೆ ಬೇರೆಯವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಶನಿಯಾರನ ಹೆಂಡ್ತಿ ನಾನು. ಬಿಚ್ಚು ಅದ್ನ" ಎಂದಳು.

ಸುಧಾಕರನನ್ನು ಏಕವಚನದಲ್ಲಿ ಕರೆಯುವ ಗಿರಾಕಿ ಹೊನ್ನಾವರದಲ್ಲಿ ಇರಲಿಲ್ಲ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ಗಂಡನಿಗೆ ಬಾಯಿಲ್ಲವಾ ಎಂದು ಕೇಳಿದ.

"ಅವ್ರಿಗೆ ಬಾಯಿದ್ದಿದ್ರೆ ನನ್ನ ಕೈ ನೆಟ್ಟಗಿರ್ತಿತ್ತು" ಎಂದಳು ನಾಗಿ. "ಹೋದ ಸಲ ನೀ ಸೀಲ್ ಹಾಕಿ ಕಳಿಸಿದ ಮೇಲೆ ಇವ್ರು ಭಟ್ಕಳಕ್ಕೆ ಹೋಗಿ ಮಂಜನಿಗೆ ತೋರ್ಸಿದ್ರು. ಅವ ಅಡಿಗೆ ಬಗ್ಗಿ ನೋಡಿ ನಕ್ಕನಂತೆ. ನಾ ಮುಟ್ಟೂದಿಲ್ಲ, ಈ ಆಕ್ಸೆಲ್ ಉಸಿರು ಎಲ್ಲಿಂದ ಬಿಡ್ತದೆ ಅಂತ ನಿಮ್ಮ ಮೇಸ್ತ್ರಿ ಹತ್ರ ಕೇಳಿ ಅಂದನಂತೆ. ಇವ್ರು ನಿನ್ನ ಬಾಯಿಗೆ ಹೆದ್ರಿ ಕೇಳ್ಲೇ ಇಲ್ಲ. ಕೈ ಮುರಿದ ಮೇಲೆ ನನ್ನ ಹತ್ರ ಹೇಳಿದ್ರು. ಈಗ ನಾ ಕೇಳ್ತೆ. ಎಲ್ಲಿಂದ ಬಿಡ್ತದೆ?"

ಉತ್ತರ ಹೇಳುವ ಮೊದಲೇ ಮೇಸ್ತ್ರಿಗೆ ಉತ್ತರ ತಿಳಿದುಹೋಗಿತ್ತು. ಓಡಿದ ಆಕ್ಸೆಲ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ. ಆ ಗಾಳಿ ಹೋಗಿ ಬರಲೆಂದೇ ಮೇಲುಗಡೆ ಬ್ರೀದರ್ ಎಂಬ ಪುಟ್ಟ ಮೂಗು ಇರುತ್ತದೆ. ಅದು ಮುಚ್ಚಿದ್ದರೆ ಉಬ್ಬಿದ ಗಾಳಿ ಸೀಲಿನ ಸಂದಿಯಲ್ಲಿ ಎಣ್ಣೆಯನ್ನು ಬ್ರೇಕಿಗೆ ನೂಕುತ್ತದೆ. ಬಿಸಿ ಆಕ್ಸೆಲ್ ತಣ್ಣನೆಯ ಸಮುದ್ರಕ್ಕೆ ಇಳಿದಾಗ ಗಾಳಿ ಕುಗ್ಗಿ ಅದೇ ಸಂದಿಯಲ್ಲಿ ಉಪ್ಪುನೀರನ್ನು ಒಳಗೆ ಹೀರುತ್ತದೆ. ಇದು ಯಾವ ಗ್ಯಾರೇಜಿನಲ್ಲೂ ಮೊದಲ ಮಳೆಗಾಲಕ್ಕೇ ಕಲಿಯುವ ಪಾಠ.

ಅವನು ಜೀಪಿನ ಅಡಿಗೆ ಹೋಗಿ ಮಲಗಿದ. ಕೈ ಮೇಲೆ ಹಾಕಿ ತಡವಿದ. ಮೂಗು ಇರಬೇಕಾದಲ್ಲಿ ಒಂದು ಬೋಲ್ಟಿನ ತಲೆ ಸಿಕ್ಕಿತು. ಕವಚದ ಜೊತೆ ಅದಕ್ಕೂ ಕರಿ ಬಣ್ಣ ಬಳಿದು ನುಣುಪಾಗಿತ್ತು. ತೊಳೆಯುವಾಗ ಹಾಕಿದ ಬೋಲ್ಟು. ತೆಗೆದಿರಲಿಲ್ಲ. ಎಷ್ಟು ಚೆಂದ ಬಣ್ಣ ಹೊಡೆದಿದ್ದನೆಂದರೆ ಅದು ಅಲ್ಲಿಯೇ ಹುಟ್ಟಿದಂತಿತ್ತು. ಪಾನಾ ಹಾಕಿ ತಿರುಗಿಸಿದ. ಸಡಿಲವಾಗುತ್ತಲೇ ಒಳಗಿನ ಗಾಳಿ ಸುಯ್ಯೆಂದು ಸರಿಯಿತು. ಆ ಸದ್ದು ನಾಗಿಗೂ ಕೇಳಿಸಿತು.

ಹೊರಗೆ ಬಂದಾಗ ಬೋಲ್ಟು ಅವನ ಮುಷ್ಟಿಯಲ್ಲಿತ್ತು. ಎಂತ ಅದು ಎಂದು ನಾಗಿ ಕೇಳಿದಳು. ಹೇಳಲು ಬೇಕಾದಷ್ಟಿತ್ತು. ತುಕ್ಕು ಎನ್ನಬಹುದಿತ್ತು, ಮರಳು ಕಟ್ಟಿಕೊಂಡಿತ್ತು ಎನ್ನಬಹುದಿತ್ತು. ಇವಳಿಗಾಗಲಿ ಹೊರಗೆ ಕೂತ ಆ ಮೂಕನಿಗಾಗಲಿ ಏನು ತಿಳಿಯುತ್ತದೆ? ಆದರೆ ಮೀನು ಮಾರುವವಳ ಮುಂದೆ ಸುಳ್ಳು ಹೇಳಿ ಬಚಾವಾಗುವಷ್ಟು ಕೆಳಗೆ ಇಳಿಯುವುದು ತನ್ನಂಥವನಿಗೆ ತಕ್ಕದ್ದಲ್ಲ ಎಂದು ಅವನಿಗೆ ಅನಿಸಿತು. ಅವನ ಸೊಕ್ಕೇ ಅವನಿಂದ ನಿಜ ಹೇಳಿಸಿತು.

"ಬೋಲ್ಟು. ನಾನೇ ಹಾಕಿದ್ದು. ತೆಗೀಲಿಕ್ಕೆ ಮರ್ತೆ."

ನಾಗಿ ಕೂಗಾಡಲಿಲ್ಲ. ಆ ಬೋಲ್ಟನ್ನು ಇಸಿದುಕೊಂಡು ನೋಡಿದಳು, ಹಳಸಿದ ಮೀನನ್ನು ಎತ್ತಿ ನೋಡುವಂತೆ. ಮತ್ತೆ ಬೆಂಚಿನ ಮೇಲಿಟ್ಟಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಅಸಹ್ಯವಿತ್ತು. ಸುಧಾಕರ ಆ ನೋಟವನ್ನು ಜೀವಮಾನವಿಡೀ ಬೇರೆಯವರ ಮೇಲೆ ಬೀರಿದ್ದನೇ ಹೊರತು ತನ್ನ ಮೇಲೆ ಬಿದ್ದು ಗೊತ್ತಿರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ನೆಲದ ಎಣ್ಣೆಕಲೆಯನ್ನು ನೋಡಿದ.

"ಇಷ್ಟಕ್ಕೆ ಇಷ್ಟು ಬಾಯಾ?" ಎಂದಳು ಅವಳು.

ಜೀಪನ್ನು ಮತ್ತೆ ಬಿಚ್ಚಿದ. ಒಳಗೆಲ್ಲ ತೊಳೆದು ಒಣಗಿಸಿದ, ಸೀಲು, ಬ್ರೇಕಿನ ಪಟ್ಟಿ ಹೊಸದು ಹಾಕಿದ. ಸೀಮೆಎಣ್ಣೆ ಡಬ್ಬಿಯ ತಳದಲ್ಲಿ ಬ್ರೀದರ್ ಬಿದ್ದಿತ್ತು, ಮಳೆಗಾಲದಲ್ಲಿ ತಾನೇ ನೆನೆಹಾಕಿದ್ದು, ಹೊಸದರಂತೆ ಬೆಳ್ಳಗಾಗಿತ್ತು. ಅದನ್ನು ಈ ಸಲ ಆಕ್ಸೆಲಿನ ಮೇಲೆ ಕೂರಿಸಲಿಲ್ಲ. ತೂತಿನಿಂದ ರಬ್ಬರ್ ಕೊಳವೆ ಎಳೆದು, ನೀರು ಮುಟ್ಟದಷ್ಟು ಎತ್ತರದಲ್ಲಿ, ಸೀಟಿನ ಬೆನ್ನಿಗೆ ಕಟ್ಟಿ, ಅದರ ತುದಿಗೆ ಸಿಕ್ಕಿಸಿದ. ತಾನೇ ಓಡಿಸಿಕೊಂಡು ಧಾರೇಶ್ವರಕ್ಕೆ ಹೋದ. ಪ್ಯಾಂಟು ಸಮೇತ ಸೊಂಟದವರೆಗೆ ನೀರಲ್ಲಿ ನಿಂತು, ಒಂದರ ಹಿಂದೊಂದು ದೋಣಿ ಎಳೆಸಿ, ಏರಿನ ನಡುವೆ ನಿಲ್ಲಿಸಿ ಬ್ರೇಕು ಹಿಡಿಸಿ ನೋಡಿದ. ದಡದಲ್ಲಿದ್ದವರು ಒಬ್ಬರಿಗೊಬ್ಬರು ಕಣ್ಣು ಹೊಡೆದು ನಗುತ್ತಿದ್ದರು. ಬೋಲ್ಟಿನ ಕಥೆ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಆಕ್ಸೆಲ್ ಬಿಚ್ಚಿ ನೋಡಿದರೆ ಎಣ್ಣೆ ಹಾಕಿದ ಹಾಗೇ ಇತ್ತು, ಜೇನಿನ ಬಣ್ಣ. ಯಾರೂ ಹೊಗಳಲಿಲ್ಲ.

ಹೊರಡುವಾಗ ನಾಗಿ ಅಡ್ಡ ಬಂದಳು. ಜೀಪು ಸರಿಯಾಯಿತು, ತನ್ನ ಕೈ ಯಾವಾಗ ಸರಿಯಾಗುವುದೋ ಗೊತ್ತಿಲ್ಲ, ಅಲ್ಲಿಯವರೆಗೆ ವ್ಯಾಪಾರ ಬಿಟ್ಟು ಕೂರಲು ಆಗುವುದಿಲ್ಲ ಎಂದಳು. ಇಲ್ಲಿ ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸಲು ಶನಿಯಾರ ಇದ್ದಾನೆ ಎಂದೂ ಹೇಳಿದಳು.

"ಹೊನ್ನಾವರದಲ್ಲಿ ಇಳಿಸೂದು ಯಾರು? ನಾಳೆಯಿಂದ ಬಸ್ ಸ್ಟ್ಯಾಂಡಿಗೆ ಬಾ."

ಬೇಡಿಕೊಂಡಿದ್ದರೆ ಅವನು ಹೋಗುತ್ತಿರಲಿಲ್ಲ. ಅವಳು ಬೇಡಿಕೊಳ್ಳಲಿಲ್ಲ, ಉತ್ತರಕ್ಕೂ ಕಾಯಲಿಲ್ಲ. ಮಾರನೆಯ ಬೆಳಿಗ್ಗೆ ಕುಮಟೆ ಕಡೆಯಿಂದ ಬಸ್ಸು ಬಂದಾಗ ಸುಧಾಕರ ಮೇಸ್ತ್ರಿ ಸ್ಟ್ಯಾಂಡಿನಲ್ಲಿ ನಿಂತಿದ್ದ. ನಾಗಿ ಇಳಿದು, ಬುಟ್ಟಿಯತ್ತ ಗದ್ದ ತೋರಿಸಿ, ಮುಂದೆ ನಡೆದಳು. ಅವನು ಬುಟ್ಟಿಯನ್ನು ಹೆಗಲಿಗೇರಿಸಿ ಹಿಂದೆ ನಡೆದ. ಬಂಗಡೆಯ ನೀರು ಕುತ್ತಿಗೆಯಿಂದ ಇಳಿದು ಅಂಗಿ ನೆನೆಸಿತು. ಊರಿನ ಅರ್ಧ ಜನ ಅವನಿಂದ ಬೈಸಿಕೊಂಡವರು, ಅವರೆಲ್ಲ ಅಂಗಡಿಯಿಂದ ಹೊರಬಂದು ನೋಡಿದರು. ದಿನವೂ ನೋಡಿದರು. ಮೆಲ್ಲಗೆ ನಡೆ, ಮೀನು ನಜ್ಜಾಗ್ತದೆ ಎಂದು ನಾಗಿ ತಿರುಗಿಯೂ ನೋಡದೆ ಹೇಳುತ್ತಿದ್ದಳು. ಬೋಲ್ಟ್ ಮೇಸ್ತ್ರಿ ಎಂಬ ಹೆಸರು ಆ ವಾರವೇ ಹುಟ್ಟಿತು, ಈಗ ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಮೂಕಾಂಬಿಕಾ ಮಾತ್ರ ನಗಲಿಲ್ಲ. ಅಂಗಿಯನ್ನು ಲಿಂಬೆಹುಳಿ ಹಾಕಿ ಒಗೆದು, ನಾಳೆ ಹಳೆಯದು ಹಾಕಿಕೊಂಡು ಹೋಗಿ ಎಂದಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವನು ಭಟ್ಕಳದ ಬಸ್ಸು ಹತ್ತಿದ. ಮಂಜನ ಗ್ಯಾರೇಜು ಹುಡುಕಬೇಕಾಗಲಿಲ್ಲ, ಬೋರ್ಡು ಅಷ್ಟು ದೊಡ್ಡದಿತ್ತು. ಮಂಜ ಎದ್ದು ನಿಂತ, ಕುರ್ಚಿ ಎಳೆದ, ಚಹಾ ತರಿಸಿದ. ಸುಧಾಕರ ಕೂರಲಿಲ್ಲ. ನೆಲಕ್ಕೆ ಟೈಲ್ಸು ಹಾಕಿದ ಗ್ಯಾರೇಜು ಎಂದು ಒಂದು ಸಲ ಸುತ್ತ ನೋಡಿ ತುಟಿ ಕೊಂಕಿಸಿದ.

"ಬೋಲ್ಟು ಕಂಡಿತ್ತಲ್ಲ ನಿಂಗೆ. ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು?"

"ಮಾಡಿದ್ರೆ ನೀವು ತೆಗೀತಿದ್ರಾ?"

ಸುಧಾಕರ "ಇಲ್ಲ" ಎಂದ.

"ತೆಗೆದ್ರೂ ನನ್ನ ಮಾತು ಕೇಳ್ತಿದ್ರಾ?"

"ಇಲ್ಲ."

ಮಂಜ ಚಹಾದ ಲೋಟವನ್ನು ಸರಿಸಿ ಇಟ್ಟ. ನಾಗಿಯ ಕೈ ಮುರಿದ ಸುದ್ದಿ ತನಗೂ ಮುಟ್ಟಿದೆ ಎಂದ. ಶನಿಯಾರ ಹೋಗಿ ಆ ಪ್ರಶ್ನೆ ಕೇಳುವಾಗ ಮೇಸ್ತ್ರಿಯ ಮುಖ ಹೇಗಾದೀತು ಎಂದು ನೆನೆದು ಬಹಳ ದಿನ ಒಬ್ಬನೇ ನಗುತ್ತಿದ್ದೆ, ಅದೊಂದು ನಗುವಿಗಾಗಿ ಬೋಲ್ಟನ್ನು ಅಲ್ಲೇ ಬಿಟ್ಟು ಕಳಿಸಿದೆ, ಆಗಲೇ ತಿರುಗಿಸಿ ತೆಗೆಯಬಹುದಿತ್ತು ಎಂದ. ಹೇಳುವಾಗ ಅವನು ಸುಧಾಕರನ ಮುಖ ನೋಡಲಿಲ್ಲ.

ಬೈಯಲೆಂದೇ ಬಂದವನು ಸುಧಾಕರ. ಬಸ್ಸಿನಲ್ಲಿ ಮಾತುಗಳನ್ನು ಮಸೆದುಕೊಂಡೇ ಬಂದಿದ್ದ. ಆದರೆ ಎದುರಿಗೆ ನಿಂತವನಿಗೆ ಗೇರು, ಬ್ರೇಕು ಕಲಿಸಿದ್ದು ತಾನು. ಈ ನಗುವನ್ನು ಕಲಿಸಿದ್ದೂ ತಾನೇ ಎಂದು ಹೊಳೆಯಿತು. ನಿಂತೇ ಚಹಾ ಕುಡಿದ. ನೀರು ಜಾಸ್ತಿಯಾಗಿದೆ ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, ಅವಳ ಹತ್ತಿರ ನೀನೇ ಹೋಗಿ ಹೇಳು, ನಾನು ಹೇಳುವುದಿಲ್ಲ ಎಂದಷ್ಟೇ ಹೇಳಿದ. ಮಂಜ ಹೋದನಂತೆ. ನಾಗಿ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿ, ನೀರು ಕೂಡ ಕೊಡದೆ ಕಳಿಸಿದಳಂತೆ.

ಸುಧಾಕರ ಬದಲಾದ ಎಂದು ಊರಿನವರು ಯಾರೂ ಹೇಳುವುದಿಲ್ಲ. ಸಾಲುದೀಪದ ಜೀಪು ಕಂಡರೆ ಈಗಲೂ ಮೂಗು ಮುರಿಯುತ್ತಾನೆ. ಆದರೆ ಗಿರಾಕಿ ಇಂಥದ್ದು ಕೆಟ್ಟಿದೆ ಎಂದರೆ ಪಾನಾ ಚಾಚುವುದಿಲ್ಲ. ಮುಖ ಗಂಟಿಕ್ಕಿಕೊಂಡೇ ಕೊನೆಯವರೆಗೆ ಕೇಳುತ್ತಾನೆ, ಕೇಳಿ ಮುಗಿದ ಮೇಲೆ ಬೈಯುತ್ತಾನೆ.

ನಾಗಿಯ ಪ್ಲಾಸ್ಟರು ತೆಗೆದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ಆ ಬೆಳಿಗ್ಗೆಯೂ ಹಳೆಯ ಅಂಗಿ ಹಾಕಿಕೊಂಡು ಸ್ಟ್ಯಾಂಡಿಗೆ ಹೋದ. ಬಸ್ಸು ಬಂತು. ನಾಗಿ ಇಳಿದು, ಒಂದಿಷ್ಟು ಸೊಟ್ಟಗೇ ಕೂಡಿಕೊಂಡ ಕೈಯಿಂದ ಬುಟ್ಟಿ ಎಳೆದು, ಬಾಗಿ, ತಾನೇ ತಲೆಗೇರಿಸಿಕೊಂಡಳು. ಮುಂದೆ ಚಾಚಿದ ಅವನ ಕೈಗಳನ್ನು ಕಂಡು ಒಂದು ಕ್ಷಣ ನಿಂತಳು.

"ಎಂತಕ್ಕೆ ನಿಂತದ್ದು? ಗ್ಯಾರೇಜಲ್ಲಿ ಕೆಲ್ಸ ಇಲ್ವಾ?" ಎಂದು ಕೇಳಿ, ಪೇಟೆಯ ಕಡೆ ನಡೆದುಬಿಟ್ಟಳು.